ಶಿವಯೋಗಪ್ಪನವರ ಮಿಷನ್ನು

ಚೊಚ್ಚಲ ಹೆರಿಗೆಗೆ ಹೆಣ್ಣುಮಕ್ಕಳು ತವರಿಗೆ ಹೋಗುತ್ತಾರೆ. ಕಲ್ಯಾಣಮ್ಮನಿಗೆ ಆ ಭಾಗ್ಯ ಸಿಗಲಿಲ್ಲ. ಅವಳ ಮಾವ, ಶೇಂಗಾ ಎಣ್ಣೆ ಮಿಲ್ಲಿನ ಶಿವಯೋಗಪ್ಪ, ಕೊಟ್ಟೂರಿನ ಹೆರಿಗೆ ಆಸ್ಪತ್ರೆಗೆ ಬೊಂಬಾಯಿಯಿಂದ ಒಂದು ಮಿಷನ್ ತರಿಸಿ ದಾನ ಕೊಟ್ಟಿದ್ದರು. ಹೊಟ್ಟೆಯೊಳಗಿನ ಕೂಸಿನ ಎದೆಬಡಿತ ಹೊರಗಿನವರಿಗೆ ಕೇಳಿಸುವ ಮಿಷನ್. ಅದಕ್ಕೆ ಹಾರ ಹಾಕಿ, ಕುಂಕುಮ ಹಚ್ಚಿ, ತಮ್ಮ ಹೆಸರಿನ ತಗಡು ಹೊಡೆಸಿದ ಮೇಲೆ ಸ್ವಂತ ಸೊಸೆಯೇ ಬೇರೆ ಊರಿನಲ್ಲಿ ಹೆತ್ತರೆ ದೊಡ್ಡಸ್ತಿಕೆ ಉಳಿಯುತ್ತದೆಯೇ?

ನೋವು ಶುರುವಾದದ್ದು ಬೆಳಿಗ್ಗೆ. ಡಾಕ್ಟರ್ ಭರಮಮ್ಮ ಹೊಟ್ಟೆಗೆ ಪಟ್ಟಿ ಬಿಗಿದು ಮಿಷನ್ ಹಚ್ಚಿದರು. ಟಪಟಪ ಸದ್ದು ಕೋಣೆ ತುಂಬಿತು. ಹೊರಗೆ ಪಡಸಾಲೆಯಲ್ಲಿ ಮಾವ ಅಡತಿ ಅಂಗಡಿಯವರನ್ನು ಕೂಡಿಸಿಕೊಂಡು ಚಾ ಕುಡಿಸುತ್ತಿದ್ದರು.

"ಕೇಳ್ರಿ, ಕುದುರಿ ಓಡಿದಂಗ ಐತಿ! ನಮ್ಮ ವಂಶದ್ದು ಅಲ್ಲೇನ್ರಿ?"

ಹಲ್ಲು ಕಚ್ಚಿ ಮಲಗಿದ್ದ ಕಲ್ಯಾಣಮ್ಮನಿಗೆ ನೋವಿಗಿಂತ ಆ ಮಾತಿಗೇ ಮೈ ಉರಿಯಿತು. ಹೊಟ್ಟೆ ಅವಳದು, ಸಂಕಟ ಅವಳದು, ಕುದುರೆ ಮಾತ್ರ ಮಾವನದು.

ಮಧ್ಯಾಹ್ನದ ಹೊತ್ತಿಗೆ ಸದ್ದು ಬದಲಾಯಿತು. ನೋವು ಇಳಿದ ಮೇಲೂ ಬಡಿತ ಏಳಲಿಲ್ಲ, ಕುಂಟುತ್ತಲೇ ಇತ್ತು. ಒಡೆದ ನೀರು ಹಸಿರಾಗಿತ್ತು, ಕೂಸು ಒಳಗೇ ಸಂಕಟಪಡುತ್ತಿದ್ದ ಗುರುತು. ಭರಮಮ್ಮ ಅವಳನ್ನು ಎಡಮಗ್ಗುಲಿಗೆ ಹೊರಳಿಸಿ ಮೂಗಿಗೆ ಆಕ್ಸಿಜನ್ ಹಚ್ಚಿದರು. ಹೊಟ್ಟೆಯ ಮೇಲೆ ಕೊಳವೆ ಇಟ್ಟು ತಾವೇ ಕಿವಿಗೊಟ್ಟರು. ಆಮೇಲೆ ಬಾಗಿಲಿಗೆ ಹೋಗಿ ಹೇಳಿದರು:

"ಕೂಸಿಗೆ ಉಸಿರು ಸಾಲವಲ್ದು. ತಲಿ ಕೆಳಗ ಇಳದೈತಿ. ಇಕ್ಕಳ ಹಾಕಿ ಈಗಲೇ ತೆಗೀಬೇಕು."

"ಇಕ್ಕಳನಾ? ಮೊಳಿ ಕೀಳಾಕೇನು?" ಶಿವಯೋಗಪ್ಪ ಕೂತಲ್ಲಿಂದ ಏಳಲಿಲ್ಲ. "ಇನ್ನೂ ರಾಹುಕಾಲ ಐತಿ, ತಡೀರಿ. ಕರೆಂಟು ಹೆಚ್ಚುಕಮ್ಮಿ ಆಗಿ ಮಿಷನ್ ಕೆಟ್ಟಿರಬೇಕು."

"ನನ್ನ ಕಿವಿಗೆ ಕರೆಂಟ್ ಬೇಕಾಗಿಲ್ರಿ."

ಶಿವಯೋಗಪ್ಪ ಮಗನ ಕಡೆ ನೋಡಿದರು. ಕಲ್ಯಾಣಮ್ಮನ ಗಂಡ ಹಾಲೇಶಪ್ಪ ಗೋಡೆಗೆ ಹೇಳಿದ: "ಅಪ್ಪಾಜಿ ಹೇಳಿದಂಗ ಆಗ್ಲಿ."

ಎಂಥಾ ಗಂಡಸು! ಬೆಳಗಿನಿಂದ ಅವನ ಬಾಯಿಂದ ಹೊರಬಿದ್ದ ಮಾತು ಅದೊಂದೇ. ಕಲ್ಯಾಣಮ್ಮ ಮೂಗಿನ ಆಕ್ಸಿಜನ್ ಮಾಸ್ಕ್ ಕಿತ್ತು ಪಡಸಾಲೆಗೆ ಕೇಳುವಂತೆ ಕೂಗಿದಳು:

"ಮಾವಾರ, ಚಲೋ ಬಡಿದಾಗ ನಿಮ್ಮ ವಂಶ, ಕುಂಟಿದರ ಮಿಷನ್ ಕೆಟ್ಟೈತಿ ಏನ್ರಿ? ಕೆಟ್ಟಿದ್ರ ಅದರ ಮ್ಯಾಲಿನ ನಿಮ್ಮ ಹೆಸರು ಕಿತ್ತುಕೊಂಡು ಹೋಗ್ರಿ! ಡಾಕ್ಟರಮ್ಮಾರ, ಹೊಟ್ಟಿ ನಂದು. ನಾ ಹೇಳ್ತೀನಿ, ತೆಗೀರಿ!"

ಭರಮಮ್ಮ ಬಾಗಿಲು ಹಾಕಿಕೊಂಡರು.

ಕೂಸು ಬಂದಾಗ ನೀಲಿಗಟ್ಟಿತ್ತು. ಕರುಳಬಳ್ಳಿ ಕೊರಳಿಗೆ ಬಿಗಿದಿತ್ತು. ಅಳಲಿಲ್ಲ. ಭರಮಮ್ಮ ಬಾಯೊಳಗಿನದನ್ನು ಹೀರಿ ತೆಗೆದು, ಬೆನ್ನು ತಿಕ್ಕಿ, ಪುಟ್ಟ ಬಾಯಿಗೆ ಉಸಿರು ಊದಿದರು. ಕಲ್ಯಾಣಮ್ಮ ಯಾವ ದೇವರನ್ನೂ ಕರೆಯಲಿಲ್ಲ, ಕರೆಯುವಷ್ಟು ತ್ರಾಣವೂ ಇರಲಿಲ್ಲ. ಡಾಕ್ಟರ ಬೆನ್ನನ್ನೇ ನೋಡುತ್ತಿದ್ದಳು. ಕಡೆಗೆ ಬೆಕ್ಕಿನ ಮರಿ ನರಳಿದಂತೆ ಒಂದು ಸದ್ದು. ಆಮೇಲೆ ಅಳು, ಸಿಟ್ಟಿನ ಅಳು.

"ಹೆಣ್ಣುಕೂಸು," ಎಂದು ಭರಮಮ್ಮ ಅದನ್ನು ಅವಳ ಎದೆಯ ಮೇಲೆ ಹಾಕಿದರು.

ಭರಮಮ್ಮ ಹೊಲಿಗೆ ಹಾಕಿ ಮುಗಿಸುವಷ್ಟರಲ್ಲಿ ಹೊರಗೆ ಶಿವಯೋಗಪ್ಪನವರ ದನಿ ಚೇತರಿಸಿಕೊಂಡಿತ್ತು. "ನೋಡಿದ್ರೇನ್ರಿ? ನಮ್ಮ ಮಿಷನ್ ಇದ್ದದ್ದಕ್ಕ ಕೂಸು ಉಳೀತು!"

ಕಲ್ಯಾಣಮ್ಮನಿಗೆ ನಗು ಬಂತು. ಹೊಲಿಗೆ ಜಗ್ಗಿದ್ದಕ್ಕೆ ನಗುವುದನ್ನು ನಿಲ್ಲಿಸಿದಳು.

ಜನವೆಲ್ಲ ಕರಗಿದ ಮೇಲೆ ಹಾಲೇಶಪ್ಪ ಕಳ್ಳನಂತೆ ಒಳಗೆ ಬಂದು ಮಗಳಿಗೆ ಕೈ ಚಾಚಿದ. ಕಲ್ಯಾಣಮ್ಮ ಕೂಸನ್ನು ಇನ್ನಷ್ಟು ಅವಚಿಕೊಂಡಳು.

"ಮೊದ್ಲು ಕೈ ತೊಳ್ಕೊಂಡು ಬರ್ರಿ."

ಅವನು ಬಾಗಿಲ ಕಡೆ, ಅಪ್ಪ ಕೂತಿದ್ದ ಕಡೆ ಒಮ್ಮೆ ನೋಡಿದ. ಆಮೇಲೆ ನಲ್ಲಿಯತ್ತ ನಡೆದ.