ಏಳು ದಿನದ ನೀರು

ನಮ್ಮ ಮೇಸ್ತ್ರಿಯ ಬಾಯಿಂದ ‘ಬರಲ್ಲ’ ಎಂಬ ಮಾತು ಹೊರಬಿದ್ದದ್ದನ್ನು ಕೇಳಿದವರಿಲ್ಲ. ಗಾರೆ ಕೆಲಸ ಬರುತ್ತಾ? ಬರುತ್ತೆ. ಮರಗೆಲಸ? ಬರುತ್ತೆ. ಬಣ್ಣ, ನಲ್ಲಿ, ಟೈಲ್ಸು? ಕೇಳುವವನ ಮಾತು ಮುಗಿಯುವ ಮೊದಲೇ, ಬರುತ್ತೆ. ಆಡು ಮುಟ್ಟದ ಸೊಪ್ಪಿಲ್ಲ, ಇವನು ಮುಟ್ಟದ ಕೆಲಸವಿಲ್ಲ. ಊರಿನವರು ‘ಬರುತ್ತೆ ಮೇಸ್ತ್ರಿ’ ಎಂದೇ ಹೆಸರಿಟ್ಟಿದ್ದರು. ನಿಜ ಹೇಳಬೇಕೆಂದರೆ, ಇಟ್ಟಿಗೆ ಗೋಡೆ ಕಟ್ಟುವುದರಲ್ಲಿ ಅವನನ್ನು ಮೀರಿಸುವವರಿರಲಿಲ್ಲ. ಉಳಿದದ್ದನ್ನೆಲ್ಲ ಎರಡು ದಿನ ಕೆಡಿಸಿ ಮೂರನೆಯ ದಿನ ಕಲಿಯುತ್ತಿದ್ದ.

ಇಂಥ ಸಕಲಕಲಾವಲ್ಲಭ ಪರದೇಶಕ್ಕೆ ಬಂದು ಎರಡು ತಿಂಗಳಾದರೂ ಕೆಲಸವಿಲ್ಲದೆ, ಷಡ್ಡಕನ ಕೋಣೆಯಲ್ಲಿ ಎರಡು ಮಂಚಗಳ ನಡುವೆ ಚಾಪೆ ಹಾಸಿಕೊಂಡು ಮಲಗುತ್ತಿದ್ದ. ಷಡ್ಡಕ, ಎಂದರೆ ಹೆಂಡತಿಯ ತಂಗಿಯ ಗಂಡ, ಅಲ್ಲಿನ ಒಂದು ಕಟ್ಟಡ ಕಂಪನಿಯಲ್ಲಿ ಸ್ಟೋರ್ ನೋಡಿಕೊಳ್ಳುವವನು. ತಿಂಗಳ ಕೊನೆಯೊಳಗೆ ಯಾವುದಾದರೂ ಕಂಪನಿಯಿಂದ ಕೆಲಸದ ಪತ್ರ ಕೈಗೆ ಬರದಿದ್ದರೆ ಮೇಸ್ತ್ರಿ ಬಂದ ದಾರಿಗೆ ಸುಂಕವಿಲ್ಲವೆಂದು ಹಿಂತಿರುಗಬೇಕು. ಬಂದರೆ ವರ್ಷದೊಳಗೆ ಹೆಂಡತಿಯನ್ನೂ ಕರೆಸಿಕೊಳ್ಳಬಹುದು.

ಕೆಲಸ ಕೊಡಿಸುವ ಕಚೇರಿಗಳ ಅರ್ಜಿಯಲ್ಲಿ ಹದಿನಾಲ್ಕು ಕಸುಬುಗಳ ಮುಂದೆ ಹದಿನಾಲ್ಕು ಚೌಕಗಳಿದ್ದವು. ಮೇಸ್ತ್ರಿ ಹದಿನಾಲ್ಕಕ್ಕೂ ಗುರುತು ಹಾಕಿದ.

“ಅಣ್ಣ, ಒಂದಕ್ಕೆ ಹಾಕ್ಬೇಕು,” ಎಂದ ಷಡ್ಡಕ. “ಎಲ್ಲಾ ಬರುತ್ತೆ ಅಂದ್ರೆ ಏನೂ ಬರಲ್ಲ ಅಂತ ತಿಳ್ಕೋತಾರೆ ಇಲ್ಲಿ.”

“ಬರೋದನ್ನ ಬರಲ್ಲ ಅಂತ ಹೇಗಪ್ಪಾ ಬರೆಯೋದು? ಸುಳ್ಳಾಗಲ್ವಾ?”

ಅವನ ಸತ್ಯಸಂಧತೆಯನ್ನು ಮೆಚ್ಚಿ ಐದು ಕಚೇರಿಗಳು ಅವನನ್ನು ಬಾಗಿಲಿನಿಂದಲೇ ಬೀಳ್ಕೊಟ್ಟವು.

ಕೊನೆಗೆ ಷಡ್ಡಕನೇ ತನ್ನ ಸೂಪರ್‌ವೈಸರನ ಕೈಕಾಲು ಹಿಡಿದು ಒಂದು ವಾರದ ಪರೀಕ್ಷೆಗೆ ಒಪ್ಪಿಸಿದ. ಕೆಲಸ ಒಂದು ದೊಡ್ಡ ಕಟ್ಟಡದ ಮೂರನೆಯ ಮಹಡಿಯಲ್ಲಿ. ಸೂಪರ್‌ವೈಸರ್ ತನ್ನ ಭಾಷೆಯಲ್ಲಿ ಏನೋ ಕೇಳಿದ.

“ಬೋರ್ಡ್ ಗೋಡೆ ಬರುತ್ತಾ ಅಂತಾನೆ,” ಎಂದ ಷಡ್ಡಕ.

“ಬರುತ್ತೆ.”

ಬೋರ್ಡ್ ಗೋಡೆ ಎಂದರೇನೆಂದು ಆಮೇಲೆ ವಿಚಾರಿಸಿದರಾಯಿತು. ನೋಡಿದರೆ ತಗಡಿನ ಚೌಕಟ್ಟು, ಅದಕ್ಕೆ ಸ್ಕ್ರೂ ಹಾಕಿ ಕೂರಿಸಿದ ಜಿಪ್ಸಮ್ ಹಲಗೆ, ಸಂದಿಗಳಿಗೆ ಮೆತ್ತುವ ಬಿಳಿ ಗಾರೆಯಂಥದ್ದು. ತಟ್ಟಿದರೆ ಖಾಲಿ ಡಬ್ಬದ ಸದ್ದು. ಇದನ್ನು ಗೋಡೆ ಎನ್ನುವವರಿಗೆ ದೇವರು ಒಳ್ಳೆಯದು ಮಾಡಲಿ ಎಂದುಕೊಂಡು ಕೆಲಸಕ್ಕಿಳಿದ. ಎರಡು ದಿನ ಕೆಡಿಸಿದ, ಮೂರನೆಯ ದಿನ ಕಲಿತ. ಆರನೆಯ ದಿನ ಅವನ ಗೋಡೆಗೆ ತೂಗುಗುಂಡು ಬಿಟ್ಟು ನೋಡಿದರೆ ಕೂದಲೆಳೆಯಷ್ಟೂ ವಾಲಿರಲಿಲ್ಲ. ವಾರದ ರಜೆ ಮುಗಿದ ಕೂಡಲೇ ಪತ್ರ ಕೊಡುವುದಾಗಿ ಸೂಪರ್‌ವೈಸರ್ ಹೇಳಿದ.

ಮೇಸ್ತ್ರಿಗೆ ಮಾತ್ರ ಮನಸ್ಸಿನಲ್ಲಿ ಒಂದು ಮುಳ್ಳು ಉಳಿಯಿತು. ಗೋಡೆಗೆ ಯಾರೂ ನೀರು ಹಾಕಿರಲಿಲ್ಲ.

ಊರಿನಲ್ಲಿ ಕಟ್ಟುವುದು ಅವನ ಪಾಲು, ನೀರು ಹೆಂಡತಿಯ ಪಾಲು. ಇಪ್ಪತ್ತು ವರ್ಷದಿಂದ ಅವನು ಕಟ್ಟಿದ ಗೋಡೆಗಳಿಗೆಲ್ಲ, ಗಾರೆ ಗಟ್ಟಿಯಾಗಲೆಂದು, ಬೆಳಿಗ್ಗೆ ಸಂಜೆ, ಏಳೇಳು ದಿನ, ಕೊಡ ಸೊಂಟಕ್ಕೇರಿಸಿ ನೀರು ಹಾಕಿದವಳು ಅವಳು. “ನೀವು ಕಟ್ಟಿದ್ದು ನಿಂತಿರೋದು ನನ್ನ ನೀರಿಂದ,” ಎಂದು ಹಂಗಿಸುತ್ತಿದ್ದಳು. ಅದು ನಿಜವೆಂದು ಅವನಿಗೆ ಗೊತ್ತಿತ್ತು, ಒಮ್ಮೆಯೂ ಬಾಯಿಬಿಟ್ಟು ಹೇಳಿರಲಿಲ್ಲ. ಅವಳ ನೆನಪಾಗಿ ಆ ಸಂಜೆ ಊಟ ಸೇರಲಿಲ್ಲ.

ಮರುದಿನ ರಜೆ. ಲೋಕವೆಲ್ಲ ಕಾಲು ಚಾಚಿಕೊಂಡಿದ್ದಾಗ ಮೇಸ್ತ್ರಿ ಬಕೆಟ್ ಹಿಡಿದು ಹೊರಟ. ದಾರಿಯಲ್ಲಿ ದಿನವೂ ನೋಡುತ್ತಿದ್ದ ಹಳೆಯ ಇಟ್ಟಿಗೆ ಕಟ್ಟಡದ ಮುಂದೆ ಸ್ವಲ್ಪ ನಿಂತ. ವರಸೆ ತಪ್ಪದೆ ಜೋಡಿಸಿದ ಇಟ್ಟಿಗೆ. ಆ ಊರಿನಲ್ಲಿ ಅವನು ಕಂಡ ಒಂದೇ ಒಂದು ಮರ್ಯಾದಸ್ಥ ಗೋಡೆ. ಇದಕ್ಕೂ ಯಾರೋ ಪುಣ್ಯಾತ್ಗಿತ್ತಿ ನೀರು ಹಾಕಿರಬೇಕು ಎಂದುಕೊಂಡ. ಕೆಲಸದ ಜಾಗದ ಕಾವಲುಗಾರ ಏನನ್ನೂ ಕೇಳಲಿಲ್ಲ. ರಜೆಯ ದಿನ ಬಿಟ್ಟಿ ದುಡಿಯಲು ಬಂದವನನ್ನು ಕಳ್ಳನೆಂದು ಯಾರು ತಿಳಿಯುತ್ತಾರೆ? ಸಂಜೆಯವರೆಗೆ ನಾಲ್ಕು ಬಾರಿ ಗೋಡೆಗೆ ತಲೆಯಿಂದ ಕಾಲಿನವರೆಗೆ ಸ್ನಾನ ಮಾಡಿಸಿದ. ಬಂದು ಹೊಟ್ಟೆ ತುಂಬ ಉಂಡು ಮಲಗಿದ.

ಬೆಳಿಗ್ಗೆ ಗೋಡೆ ಹೊಟ್ಟೆ ಬಿಟ್ಟುಕೊಂಡು ನಿಂತಿತ್ತು. ಸೂಪರ್‌ವೈಸರ್ ಬೆರಳೊತ್ತಿದರೆ ಚಹಾದಲ್ಲಿ ಅದ್ದಿದ ಬಿಸ್ಕತ್ತಿನ ಹಾಗೆ ಒಳಗೆ ಹೋಯಿತು. ಅವನು ಕೇಳಿದ್ದನ್ನು ಕನ್ನಡಕ್ಕೆ ಇಳಿಸುವ ಅಗತ್ಯವಿರಲಿಲ್ಲ. ಮೇಸ್ತ್ರಿ ತಾನೇ ಕೈ ಎತ್ತಿದ.

“ಅಣ್ಣ, ಅದು ಎರಡು ಕಾಗದದ ಮಧ್ಯೆ ಒತ್ತಿರೋ ಪುಡಿ,” ಎಂದ ಷಡ್ಡಕ, ಅಳುವ ದನಿಯಲ್ಲಿ. “ಅದಕ್ಕೆ ಯಾರಾದ್ರೂ ನೀರು ಹಾಕ್ತಾರಾ?”

“ಗೋಡೆ ಅಂದ್ರಲ್ಲಪ್ಪಾ ನೀವು.”

ಕೆಡಿಸಿದವನೇ ತೆಗೆಯಲಿ ಎಂದು ಅಪ್ಪಣೆಯಾಯಿತು. ಪತ್ರ ಹೋಯಿತು, ಹೆಂಡತಿ ಬರುವುದೂ ಹೋಯಿತು ಎಂದುಕೊಳ್ಳುತ್ತ ಮೇಸ್ತ್ರಿ ತನ್ನ ಆರು ದಿನದ ಕೆಲಸವನ್ನು ಮಧ್ಯಾಹ್ನದೊಳಗೆ ಬಿಚ್ಚಿದ. ಹಲಗೆಯ ಚೂರು ಒಂದು ಕಡೆ, ತಗಡು ಒಂದು ಕಡೆ ಒಟ್ಟಿ, ನೆಲ ಗುಡಿಸಿದ. ಎಲ್ಲ ಒದ್ದೆಯಾಗಿದ್ದರಿಂದ ಒಂದು ಚಿಟಿಕೆ ಧೂಳೂ ಏಳಲಿಲ್ಲ. ಸೂಪರ್‌ವೈಸರ್ ಸೊಂಟದ ಮೇಲೆ ಕೈಯಿಟ್ಟು ನೋಡುತ್ತ ನಿಂತಿದ್ದವನು ಷಡ್ಡಕನನ್ನು ಕರೆದು ಏನೋ ಹೇಳಿದ.

ಷಡ್ಡಕ ತಡವರಿಸಿದ. “ಅಣ್ಣ, ಆ ಹಳೇ ಇಟ್ಟಿಗೆ ಕಟ್ಟಡ ಇದೆಯಲ್ಲ, ಅದನ್ನ ಒಡೆಯೋದು ನಮ್ಮ ಕಂಪನೀನೇ. ನೀರು ಹೊಡೆದು, ಧೂಳು ಏಳದ ಹಾಗೆ ಒಡೆಯೋರು ಬೇಕಂತೆ. ಇಷ್ಟು ಚೊಕ್ಕವಾಗಿ ಒಡೆಯೋನನ್ನ ನೋಡೇ ಇಲ್ಲ ಅಂತಾನೆ. ಪತ್ರ ಇವತ್ತೇ ಕೊಡ್ತಾನಂತೆ. ಒಡೆಯೋಕೆ ಬರುತ್ತಾ?”

ಜನ್ಮದಲ್ಲಿ ಮೊದಲ ಸಲ ಮೇಸ್ತ್ರಿಯ ನಾಲಿಗೆ ಮುಂದೆ ಬರಲಿಲ್ಲ. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ ಎಂದು ಅವನೇ ಎಷ್ಟೋ ಬಾರಿ ಹೇಳಿದ್ದ. ಈಗ ಅವನ ಕೈಗೇ ದೊಣ್ಣೆ ಬರುತ್ತಿತ್ತು. ತಿಂಗಳು ಮುಗಿಯಲು ನಾಲ್ಕು ದಿನ ಉಳಿದಿತ್ತು.

“ಬರುತ್ತೆ,” ಎಂದ.

ಸಂಜೆ ಹೆಂಡತಿಗೆ ಫೋನ್ ಮಾಡಿದ. “ಪತ್ರ ಸಿಕ್ತು ಕಣೇ.”

ಅವಳು ಮೂಗು ಒರೆಸಿಕೊಂಡ ಸದ್ದು ಕೇಳಿಸಿತು. “ಏನ್ ಕೆಲಸ?”

“ಗೋಡೆ ಕೆಲಸಾನೇ,” ಎಂದು ಅಡ್ಡಗೋಡೆಯ ಮೇಲೆ ದೀಪವಿಟ್ಟ.

“ಇಟ್ಟಿಗೇದಾ?”

“ಹೂಂ. ಒಳ್ಳೇ ಹಳೇ ಕಾಲದ ಇಟ್ಟಿಗೆ.”

“ಸದ್ಯ. ನಾನಿಲ್ಲ ಅಂತ ನೀರು ಹಾಕೋದು ಬಿಟ್ಟೀರಿ ಮತ್ತೆ. ಬೆಳಿಗ್ಗೆ ಸಂಜೆ ಹಾಕ್ತೀರಿ ತಾನೆ?”

ಮೇಸ್ತ್ರಿ ಚಾಪೆಯ ಮೂಲೆಯಲ್ಲಿದ್ದ ತನ್ನ ಗಾರೆ ಕರಣೆಯನ್ನು ಚೀಲದೊಳಗೆ ಹಾಕಿ ದಾರ ಬಿಗಿದ.

“ದಿನವಿಡೀ ಹಾಕ್ತೀನಿ ಕಣೇ,” ಎಂದ. “ಇಲ್ಲಿ ಅದೇ ನನ್ನ ಕೆಲಸ.”