ವರಸೆ ಇಲ್ಲದ ಹೀರೋ

ದಾವಣಗೆರೆ ಜಿಲ್ಲೆಯ ಚರಿತ್ರೆ ಬರೆಯುವವರು ಬಿಟ್ಟುಬಿಡಬಾರದ ಸಂಗತಿಯೊಂದನ್ನು ಮೊದಲಿಗೇ ನಿವೇದಿಸಬೇಕು. ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು, ಈ ನಾಲ್ಕು ತಾಲೂಕುಗಳಲ್ಲಿ ಹಾಕಿ ಸ್ಟಿಕ್ಕನ್ನೂ ಹುಡುಗಿಯ ನೋಟವನ್ನೂ ಒಟ್ಟಿಗೇ ಸಂಭಾಳಿಸಬಲ್ಲ ಯುವಕ ಒಬ್ಬನೇ ಇದ್ದಾನೆ. ಉಳಿದವರಿಗೆ ಎರಡರಲ್ಲಿ ಒಂದು ಬರುತ್ತದೆ. ಹೆಚ್ಚಿನವರಿಗೆ ಅದೂ ಇಲ್ಲ.

ಇದನ್ನು ಕಂಡುಹಿಡಿದವಳು ಕೆರೆಬಿಳಚಿಯ ರೂಪಶ್ರೀ. ಮೊಬೈಲಿನಲ್ಲಿ ಕಂತು ಕಂತಾಗಿ ಬಂದು ಜನ ಮುಗಿಬಿದ್ದು ಓದಿದ ಕಾಲೇಜು ಹಾಕಿ ಪ್ರೇಮಕಥೆಯೊಂದು ವೆಬ್ ಸರಣಿಯಾಗುತ್ತಿತ್ತು. ಅದರ ನಾಯಕನನ್ನು ಹುಡುಕುವ ಕೆಲಸ ಅವಳದು. ಆರು ವರ್ಷ ಹೆಸರಿಲ್ಲದೆ ದುಡಿದವಳಿಗೆ ನಿರ್ದೇಶಕ ವಿನಯ್ ಕುಮಾರ್ ಮಾತು ಕೊಟ್ಟಿದ್ದ: ಭಾನುವಾರದೊಳಗೆ ಹುಡುಗ ಸಿಕ್ಕರೆ ‘ಪಾತ್ರಗಳ ಆಯ್ಕೆ: ರೂಪಶ್ರೀ’ ಎಂದು ತೆರೆಯ ಮೇಲೆ ಬರುತ್ತದೆ. ಸಿಗದಿದ್ದರೆ ನಿರ್ಮಾಪಕರ ಬಾಮೈದನೇ ಹೀರೋ, ಆಯ್ಕೆಯ ಹೆಸರೂ ನಿರ್ಮಾಪಕರದೇ. ಬಾಮೈದನಿಗೆ ಮೂವತ್ತನಾಲ್ಕು. ಕಥೆಯ ನಾಯಕ ಬಿ.ಕಾಂ. ಎರಡನೇ ವರ್ಷದಲ್ಲಿದ್ದ.

ಚನ್ನಗಿರಿಯಲ್ಲಿ ಬಂದ ನಲವತ್ತು ಹುಡುಗರೂ ಸ್ಟಿಕ್ಕನ್ನು ಕ್ರಿಕೆಟ್ ಬ್ಯಾಟಿನಂತೆ ಎತ್ತಿ ಸಿಕ್ಸರ್ ಹೊಡೆದರು. ಹೊನ್ನಾಳಿಯವನೊಬ್ಬ ಪ್ರೇಮನಿವೇದನೆಯನ್ನು ಪೌರಾಣಿಕ ನಾಟಕದ ಧಾಟಿಯಲ್ಲಿ ಒಪ್ಪಿಸಿ, ಕೊನೆಗೆ ಸ್ಟಿಕ್ಕನ್ನೇ ಗದೆಯಂತೆ ಹೆಗಲಿಗೇರಿಸಿದ. ಜಗಳೂರಿನ ಕೆಂಚೇಶನಿಗೆ ಆಟ ನಿಜಕ್ಕೂ ಗೊತ್ತಿತ್ತು. ಆದರೆ ಹುಡುಗಿ ಎದುರಿಗೆ ಬಂದರೆ ಅವಳನ್ನೂ ತಪ್ಪಿಸಿಕೊಂಡು ಗೋಲಿನತ್ತ ಓಡುತ್ತಿದ್ದ.

ಶುಕ್ರವಾರ ನ್ಯಾಮತಿಯಲ್ಲಿ ಮಹಾಂತೇಶ್ ಸಿಕ್ಕ. ಕ್ರೀಡಾ ಹಾಸ್ಟೆಲಿನಲ್ಲಿ ಬೆಳೆದವನು; ಚೆಂಡನ್ನು ನೋಡದೆ ಆಡಿಸುತ್ತಿದ್ದ, ಹುಡುಗಿಯನ್ನು ನೋಡಿ ನಗುತ್ತಿದ್ದ. ರೂಪಶ್ರೀ ಐದು ದಿನಗಳಲ್ಲಿ ಮೊದಲ ಸಲ ಹೊಟ್ಟೆ ತುಂಬ ಉಂಡಳು.

ಶನಿವಾರ ಚನ್ನಗಿರಿಯ ಕಾಲೇಜು ಮೈದಾನದಲ್ಲಿ ಅವನನ್ನು ನಾಯಕಿಯ ಎದುರು ನಿಲ್ಲಿಸಿದರು. ನಾಯಕಿ ಪೂಜಾ, ನಲ್ಲೂರಿನವಳು. ಅವಳ ಭಾಗದ ಅರ್ಧ ಚಿತ್ರೀಕರಣ ಮುಗಿದಿತ್ತು, ಬದಲಿಸುವ ಹಾಗಿರಲಿಲ್ಲ. ಪ್ರತಿದಿನ ಜೊತೆಗೆ ಬರುತ್ತಿದ್ದ ಅವಳ ಅಜ್ಜಿ ಸಿದ್ದಲಿಂಗಮ್ಮ ಕ್ಯಾಮರಾದ ಪಕ್ಕ ಪ್ಲಾಸ್ಟಿಕ್ ಕುರ್ಚಿ ಹಾಕಿಸಿಕೊಂಡಿದ್ದರು.

“ಯಾವೂರಪ್ಪಾ ನಿಂದು?”

“ನ್ಯಾಮತಿ, ಅಜ್ಜಿ.”

“ನಿಮ್ಮವ್ವನ ತವರು?”

“ಕತ್ತಲಗೆರೆ. ತಿಪ್ಪೇಶಪ್ಪರ ಮಗಳು.”

ಸಿದ್ದಲಿಂಗಮ್ಮ ಕೈಯೆತ್ತಿದರು. ಶೂಟಿಂಗ್ ನಿಂತಿತು. “ತಿಪ್ಪೇಶಪ್ಪನ ತಮ್ಮನ ಮಗಳೇ ನಮ್ಮ ಸೊಸೆ, ಪೂಜಾನ ಅವ್ವ. ಪೂಜಾ ನಿನಗೆ ತಂಗಿ ಆಗ್ಬೇಕು. ಸ್ಟಿಕ್ ಕೆಳಗಿಡು.”

ಅಲ್ಲಿಯವರೆಗೆ ಚೆನ್ನಾಗಿ ನಗುತ್ತಿದ್ದ ಮಹಾಂತೇಶನ ಮುಖ ಅಣ್ಣನ ಮುಖವಾಯಿತು. ವಿನಯ್ ಹಠ ಹಿಡಿದು ಮತ್ತೆ ತೆಗೆದ ಮೂರು ಟೇಕ್‌ಗಳಲ್ಲಿ ಅವನು ಪೂಜಾಳ ಕಾಲ್ಬೆರಳನ್ನೇ ನೋಡಿ ಪ್ರೀತಿಸಿದ.

“ಏನಾಯ್ತೋ ನಿನಗೆ?” ಎಂದ ವಿನಯ್.

“ಗೊತ್ತಾದ ಮೇಲೆ ಹೆಂಗೆ ಸರ್ ನೋಡಾದು?”

ರೂಪಶ್ರೀ ಈ ಸೀಮೆಯವಳು, ಸುಮ್ಮನೆ ಕೂರಲಿಲ್ಲ. ಹೊನ್ನಾಳಿಯಲ್ಲಿ ನೂರಾರು ಮದುವೆ ಕೂಡಿಸಿದ ತನ್ನ ದೊಡ್ಡಪ್ಪ ಓಂಕಾರಪ್ಪನಿಗೆ ಫೋನ್ ಮಾಡಿ, ಹುಡುಗನ ಮನೆತನ ತಿಳಿಸಿ, ಸ್ಪೀಕರ್ ಹಾಕಿ ಅಜ್ಜಿಯ ಮುಂದೆ ಹಿಡಿದಳು.

“ಅವ್ವನ ಕಡೆಯಿಂದ ಯಾಕೆ ಹಿಡಿದ್ರಿ?” ಎಂದ ಓಂಕಾರಪ್ಪ. “ಹುಡುಗನ ಅಪ್ಪನ ಕಡೆಯಿಂದ ಬರ್ರಿ. ಅವರಪ್ಪ ಬಸವರಾಜಪ್ಪ. ಬಸವರಾಜಪ್ಪನ ತಾಯಿ ನಿಮ್ಮ ಯಜಮಾನ್ರಿಗೆ ತಂಗಿ ವರಸೆ. ಹಂಗಾಗಿ ಬಸವರಾಜಪ್ಪ ಪೂಜಾಗೆ ಮಾವ. ಈ ಹುಡುಗ ಮಾವನ ಮಗ.”

ಅಜ್ಜಿ ಬೆರಳು ಮಡಚಿ ಲೆಕ್ಕ ಹಾಕಿದರು. “ಹೌದು ನೋಡು, ಮರ್ತೇಬಿಟ್ಟಿದ್ದೆ. ಸರಿಯಾಗೇ ಐತೆ.”

“ಹಂಗಾದ್ರೆ ಶುರು ಮಾಡಬಹುದಲ್ಲ ಅಜ್ಜಿ?” ರೂಪಶ್ರೀಯ ದನಿಯಲ್ಲಿ ಗೆದ್ದವರ ವಿನಯವಿತ್ತು.

“ಶುರು ಮಾಡಾಕೆ ಬರಲ್ಲವ್ವ. ತಂಗಿ ಆಗಿದ್ರೆ ಅಸಹ್ಯ ಅಂತಿದ್ರು, ನಾಕು ದಿನಕ್ಕೆ ಮರೀತಿದ್ರು. ಇವನು ಮದುವೆ ಆಗೋ ವರಸೆ. ಎಲ್ಲರ ಮುಂದೆ ಕೈ ಹಿಡಿದು ಎಳೆದ ಮೇಲೆ, ನೆಂಟ್ರು ಮುಹೂರ್ತ ಯಾವಾಗ ಅಂತ ಕೇಳ್ತಾರೆ. ಏನ್ ಹೇಳ್ಲಿ?”

“ಅಜ್ಜಿ, ಅದು ನಟನೆ,” ಎಂದಳು ಪೂಜಾ.

“ನಟನೆ ಅಂತ ನಿನಗೆ ಗೊತ್ತು, ನನಗೆ ಗೊತ್ತು. ನಿಮ್ಮ ಸೋದರತ್ತೆಗೆ ನೀನು ಹೇಳ್ತೀಯಾ?”

ಪೂಜಾ ಹೇಳುವುದಿಲ್ಲವೆಂದು ಎಲ್ಲರಿಗೂ ಅರ್ಥವಾಯಿತು. ಫೋನಿನೊಳಗಿದ್ದ ಓಂಕಾರಪ್ಪ ಮಾತ್ರ ಉತ್ಸಾಹದಲ್ಲಿದ್ದ. “ಅಲ್ಲ ಸಿದ್ದಲಿಂಗಮ್ಮಾರೇ, ಹೆಂಗೂ ವರಸೆ ಕೂಡೈತೆ, ಬಸವರಾಜಪ್ಪನ ಕಿವಿಗೊಂದು ಮಾತು ಹಾಕಲಾ?”

ರೂಪಶ್ರೀ ಫೋನ್ ಕಟ್ ಮಾಡಿದಳು. ಪೂಜಾ ಅವಳನ್ನು ನೋಡಿದ ನೋಟ ಚಿತ್ರಕಥೆಯ ಯಾವ ಪುಟದಲ್ಲೂ ಇರಲಿಲ್ಲ.

ವಿನಯ್ ಕುಮಾರ್ ಟೋಪಿ ತೆಗೆದು ತಲೆ ಒರೆಸಿಕೊಂಡ. “ಅಜ್ಜಿ, ಅಣ್ಣ ಆದ್ರೂ ಬೇಡ, ಮಾವನ ಮಗ ಆದ್ರೂ ಬೇಡ. ನಿಮಗೆ ಯಾವ ವರಸೆ ಆದ್ರೆ ಸರಿ ಹೇಳ್ರಿ, ಅದನ್ನೇ ತರ್ತೀವಿ.”

“ಯಾವ ವರಸೆನೂ ಇಲ್ಲದೋನು ಆಗ್ಬೇಕು.”

ಸಂಜೆಯವರೆಗೆ ರೂಪಶ್ರೀ ತನ್ನ ಪಟ್ಟಿಯ ಹುಡುಗರ ತಾಯಂದಿರ ತವರೂರುಗಳನ್ನು ಫೋನಿನಲ್ಲಿ ವಿಚಾರಿಸಿದಳು. ಸಂಬಂಧವಿಲ್ಲದವರು ಬೇಕಾದಷ್ಟಿದ್ದರು, ಅವರೆಲ್ಲ ಸಿಕ್ಸರ್ ಹೊಡೆದವರು. ಕೆಂಚೇಶನಿಗೆ ಮತ್ತೆ ಫೋನ್ ಮಾಡಿದಾಗ ಅವನು ಕೇಳಿದ್ದು ಒಂದೇ: “ಅಕ್ಕಾ, ಹುಡುಗಿ ಇಲ್ಲದ ಸೀನ್ ಏನಾದ್ರೂ ಐತಾ?”

ಭಾನುವಾರ ಬೆಳಿಗ್ಗೆ ಬಾಮೈದ ಮೈಸೂರಿನಿಂದ ಕಾರಿನಲ್ಲಿ ಬಂದ. ಸ್ಟಿಕ್ಕನ್ನು ತಲೆಕೆಳಗಾಗಿ ಹಿಡಿದುಕೊಂಡೇ ಸಿದ್ದಲಿಂಗಮ್ಮನ ಮುಂದೆ ನಿಂತ. ಅವರು ಮುಕ್ಕಾಲು ಗಂಟೆ ಅವನ ತಾಯಿಯ ತವರು, ಅಜ್ಜಿಯ ತವರು, ಅತ್ತೆಯಂದಿರನ್ನು ಕೊಟ್ಟ ಊರು ಎಲ್ಲ ಕೇಳಿದರು. ಒಂದೂ ಕೂಡಲಿಲ್ಲ.

“ಇವನು ನಮಗೆ ಏನೂ ಆಗಲ್ಲ. ಆಗ್ಲಿ, ಮಾಡ್ಕೊಳ್ರಿ,” ಎಂದರು.

ಬಾಮೈದ ಹೀರೋ ಆದ. ಪಾತ್ರಗಳ ಆಯ್ಕೆ ಎಂಬಲ್ಲಿ ನಿರ್ಮಾಪಕರ ಹೆಸರು ಬಂತು.