ಹಳದಿ ಭರಣಿಯೊಳಗಿನ ಮೂರು ಬಣ್ಣ

ನಾನು ಹಾಲೆಮರದ ಒಂದು ಭರಣಿ. ಚನ್ನಪಟ್ಟಣದ ಮಾಯಣ್ಣ ನನ್ನನ್ನು ಕಡೆದದ್ದು ಕುಂಕುಮಕ್ಕೆಂದು. ತಿರುಗುವ ಮರಕ್ಕೆ ಅರಿಶಿನ ಬೆರೆತ ಅರಗನ್ನು ಒತ್ತಿ, ಬಿಸಿ ಆರುವ ಮೊದಲೇ ತಾಳೆಗರಿಯಿಂದ ಉಜ್ಜಿ ಮಿರುಗಿಸಿದ. ಆದರೆ ಮುಚ್ಚಳ ಸೀಳು ಬಿಟ್ಟಿತು. ಅಂಗಡಿಯವನು ಬೇಡವೆಂದ. "ನೀನೇ ಇಟ್ಕೊ" ಎಂದು ಮಾಯಣ್ಣ ಹೆಂಡತಿ ಸಾಕಮ್ಮನ ಕೈಗಿತ್ತ. ಹನ್ನೆರಡು ವರ್ಷ ಅವಳ ಹಣೆಯ ಕುಂಕುಮ ನನ್ನ ಹೊಟ್ಟೆಯಿಂದಲೇ ಹೋಯಿತು. ಅದಕ್ಕಿಂತ ಒಳ್ಳೆಯ ದಿನಗಳನ್ನು ನಾನು ಕಂಡಿಲ್ಲ.

ಆಮೇಲೆ ಮಾಯಣ್ಣನ ಭುಜ ಹಿಡಿದುಕೊಂಡಿತು. ಉಳಿ ಒತ್ತುವವರಿಗೆ ಅದು ಇದ್ದದ್ದೇ. ಸಾಕಮ್ಮ ಕುಂಕುಮವನ್ನು ಬೇರೆ ಬಟ್ಟಲಿಗೆ ಸುರಿದು, ಹಾಳೆಯಿಂದ ಕವಚದ ಸಮೇತ ಒಂದೊಂದಾಗಿ ಕತ್ತರಿಸಿದ ಮಾತ್ರೆಗಳನ್ನು ನನ್ನೊಳಗೆ ತುಂಬಿದಳು. ಈ ಬೀದಿಯಲ್ಲಿ ಮಾತ್ರೆಗೆ ಹೆಸರಿಲ್ಲ, ಬಣ್ಣವಿದೆ. ಕೆಂಪು ಭುಜಕ್ಕೆ, ಬಿಳಿ ಜ್ವರಕ್ಕೆ, ಹಳದಿ ನೆಗಡಿಗೆ. ಒಬ್ಬರಿಗೆ ಹಿಡಿಸಿದ್ದು ನಾಲ್ಕು ಮನೆಗೆ ಹೋಗುತ್ತದೆ. ಹಾಳೆಯ ಬೆನ್ನಿನ ಸಣ್ಣ ಅಕ್ಷರ ಓದುವ ಗೋಜಿಗೆ ಯಾರು ಹೋಗುತ್ತಾರೆ?

ಆ ವರ್ಷ ದಸರಾ ಬೊಂಬೆಗಳ ಕೆಲಸ ಮೈಮೇಲೆ ಬಿದ್ದಿತ್ತು. ಮಾಯಣ್ಣನಿಗೆ ಭುಜನೋವಿನ ಜೊತೆ ಜ್ವರ, ನೆಗಡಿ. ಊಟ ಬಿಟ್ಟ, ಕೆಲಸ ಬಿಡಲಿಲ್ಲ. ಹೊತ್ತುಹೊತ್ತಿಗೆ ಮೂರು ಬಣ್ಣವನ್ನೂ ಒಟ್ಟಿಗೆ ನುಂಗಿದ. ಐದನೆಯ ದಿನ ವಾಂತಿ. ಆರನೆಯ ದಿನ ಅವನ ಕಣ್ಣು ನನ್ನ ಮೈಯಷ್ಟೇ ಹಳದಿ. "ಕಾಮಾಲೆ ಕಣಮ್ಮಿ" ಎಂದು ಸೊಪ್ಪಿನ ರಸ ಕುಡಿದ. ಮೈ ಕಾಯುತ್ತಿದೆಯೆಂದು ಸಾಕಮ್ಮ ಮತ್ತೆ ನನ್ನ ಮುಚ್ಚಳ ತೆಗೆದಳು. ನನಗೆ ಹಲ್ಲಿದ್ದಿದ್ದರೆ ಅವಳ ಕೈ ಕಚ್ಚುತ್ತಿದ್ದೆ.

ಆಸ್ಪತ್ರೆಗೆ ಸೇರಿಸಿದಾಗ ನಾನೂ ಅವಳ ಚೀಲದ ತಳದಲ್ಲಿದ್ದೆ. ರಕ್ತ ಪರೀಕ್ಷೆಯಲ್ಲಿ, ನಲವತ್ತರ ಆಸುಪಾಸಿನಲ್ಲಿರಬೇಕಾದ ಲಿವರ್‌ನ ಅಂಕಿಗಳು ಸಾವಿರ ದಾಟಿದ್ದವು. ಕಾಮಾಲೆಯ ವೈರಸ್ ಸಿಗಲಿಲ್ಲ, ಸ್ಕ್ಯಾನಿನಲ್ಲಿ ಪಿತ್ತದ ಕಲ್ಲೂ ಕಾಣಲಿಲ್ಲ. ಡಾಕ್ಟರಮ್ಮ ಕೇಳಿದರು, "ಮನೇಲಿ ಏನೇನು ಮಾತ್ರೆ ತಗೋತಿದ್ರು?"

"ಏನೂ ಇಲ್ಲ ಮೇಡಮ್ಮೋರೆ" ಎಂದಳು ಸಾಕಮ್ಮ. ಬೈದಾರೆಂಬ ಹೆದರಿಕೆ ಅವಳಿಗೆ.

ಎರಡು ದಿನ ಚೀಲದೊಳಗೆ ಕುದಿದೆ. ಇಲ್ಲೇ ಇದ್ದೇನೆ, ತೆಗೆಯೇ ಮಹರಾಯಿತಿ ಎಂದರೆ ಯಾರಿಗೆ ಕೇಳಬೇಕು? ಅಷ್ಟರಲ್ಲಿ ಮಾಯಣ್ಣನಿಗೆ ಹೆಂಡತಿಯ ಗುರುತೇ ಹತ್ತದಾಯಿತು. ಆಗ ಅವಳು ನನ್ನನ್ನು ತೆಗೆದು ಡಾಕ್ಟರ ಮೇಜಿನ ಮೇಲೆ ಸುರಿದಳು.

ಡಾಕ್ಟರಮ್ಮ ಹಾಳೆಯ ತುಂಡುಗಳನ್ನು ಮಗುಚಿ ಓದಿದರು. "ಮೂರರಲ್ಲೂ ಇರೋದು ಪ್ಯಾರಾಸಿಟಮಾಲೇ ಅಮ್ಮ. ಒಂದೇ ಔಷಧಿ ಮೂರು ಪಟ್ಟು ಹೋಗಿದೆ. ಮಿತಿಯಲ್ಲಿದ್ರೆ ಜ್ವರ ಇಳಿಸುತ್ತೆ, ಮೀರಿದ್ರೆ ಲಿವರನ್ನೇ ಕೊಲ್ಲುತ್ತೆ. ಬಂದ ದಿನವೇ ತೋರಿಸಿದ್ದಿದ್ರೆ..." ಎಂದವರೇ ಅದಕ್ಕಿರುವ ಮದ್ದನ್ನು ಆಗಲೇ ಏರಿಸಲು ಹೇಳಿದರು.

ಒಂದೇ ಮರಕ್ಕೆ ಮೂರು ಬಣ್ಣದ ಅರಗು ಹಾಕಿ ಮೂರು ಬೊಂಬೆ ಮಾಡುತ್ತಿದ್ದವನು ಮಾಯಣ್ಣ. ಅವನಿಗೂ ಇದು ಹೊಳೆಯಲಿಲ್ಲವಲ್ಲ ಎಂದು ಇವತ್ತಿಗೂ ನನ್ನ ಹೊಟ್ಟೆ ಉರಿಯುತ್ತದೆ. ಆಸ್ಪತ್ರೆ ಸೇರಿದ ನಾಲ್ಕನೆಯ ದಿನ ಅವನು ಹೋದ.

ಈಗ ನಾನು ಗೋಡೆಯ ಗೂಡಿನಲ್ಲಿ ಬರಿದಾಗಿ ಕೂತಿದ್ದೇನೆ. ಮೊನ್ನೆ ಪಕ್ಕದ ಮನೆಯ ಚಿಕ್ಕತಾಯಮ್ಮ ಬಂದು, "ಸಾಕಕ್ಕ, ಒಂದು ಕೆಂಪುದು ಕೊಡು, ಭುಜ ಸೆಳೀತದೆ" ಎಂದಳು.

ಸಾಕಮ್ಮ ನನ್ನನ್ನು ಇಳಿಸಿ, ಮುಚ್ಚಳ ತೆಗೆದು, ಒಳಗೆ ತೋರಿಸಿದಳು. ತಳದಲ್ಲಿ ಹಳೆಯ ಕುಂಕುಮ ಒಂದಿಷ್ಟು ಅಂಟಿಕೊಂಡಿತ್ತು.

"ಉಳಿದಿರೋದು ಇಷ್ಟೇ ಕಣವ್ವ" ಎಂದಳು. "ಇದೂ ನನ್ ಹಣೆಗೆ ಇಲ್ದಂಗಾಯ್ತು."